ಪಟ್ಟಿ ಬಿಡಿ, ದಿನಚರಿ ಹಿಡಿಯಿರಿ: ಇಂಗ್ಲಿಷಿನ ಫ್ರೇಸಲ್ ವರ್ಬ್ ಕಲಿಯುವ ಬಗೆ

ಇಂಗ್ಲಿಷ್ ಪತ್ರಿಕೆಯನ್ನು ಸಲೀಸಾಗಿ ಓದುವವರೂ ಇಬ್ಬರು ಇಂಗ್ಲಿಷಿನಲ್ಲಿ ಹರಟುವುದನ್ನು ಕೇಳುವಾಗ ತಡವರಿಸುವುದುಂಟು. ಪೋಸ್ಟ್‌ಪೋನ್, ಟಾಲರೇಟ್, ಇನ್ವೆಸ್ಟಿಗೇಟ್ ಮುಂತಾದ ಭಾರದ ಪದಗಳು ಅವರಿಗೆ ನೀರು ಕುಡಿದಷ್ಟು ಸುಲಭ. ಅದನ್ನೇ ಯಾರಾದರೂ ಪುಟ್ ಆಫ್, ಪುಟ್ ಅಪ್ ವಿತ್, ಲುಕ್ ಇಂಟು ಎಂದರೆ ಕಕ್ಕಾಬಿಕ್ಕಿ. ಪುಟ್ ಗೊತ್ತು, ಅಪ್ ಗೊತ್ತು, ವಿತ್ ಗೊತ್ತು. ಮೂರೂ ಸೇರಿ ‘ಸಹಿಸಿಕೊಳ್ಳು’ ಆದದ್ದು ಯಾವಾಗ ಎಂಬುದೇ ಗೊತ್ತಿಲ್ಲ. ಹೀಗೆ ಕ್ರಿಯಾಪದಕ್ಕೆ ಅಪ್, ಆಫ್, ಇಂಟು ಮುಂತಾದ ಕಿರುಪದ ಸೇರಿ ಆಗುವ ಜೋಡಿಯೇ ಫ್ರೇಸಲ್ ವರ್ಬ್.

ಇದು ಹೊಸ ದೂರೇನಲ್ಲ. 1755ರಲ್ಲಿ ಇಂಗ್ಲಿಷ್ ನಿಘಂಟು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದದ ನಂತರ ಕಿರುಪದವೊಂದನ್ನು ಸೇರಿಸಿ ಅರ್ಥವನ್ನೇ ಬದಲಿಸುವ ಈ ಪದ್ಧತಿ ಪರಭಾಷಿಕರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತದೆ ಎಂದು ಮುನ್ನುಡಿಯಲ್ಲೇ ಬರೆದಿದ್ದರು. ಇದರ ಹಿಂದೆ ಚರಿತ್ರೆಯೂ ಇದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಅರಮನೆಗೂ ನ್ಯಾಯಾಲಯಕ್ಕೂ ಫ್ರೆಂಚ್ ಬಂತು. ವಿದ್ವತ್ತಿನ ಭಾಷೆಯಾಗಿ ಲ್ಯಾಟಿನ್ ಮೊದಲೇ ಇತ್ತು. ಗಂಭೀರ ಬರವಣಿಗೆಯ ಪದಗಳು ಹೆಚ್ಚಾಗಿ ಆ ಎರಡು ಮೂಲಗಳಿಂದ ಬಂದವು. ಆಡುಮಾತಿನಲ್ಲಿ ಗೆಟ್, ಪುಟ್, ಟೇಕ್, ಕಮ್, ಗೋ ಎಂಬ ಪುಟ್ಟ ಕ್ರಿಯಾಪದಗಳೇ ದುಡಿಯುತ್ತ ಉಳಿದವು. ಕನ್ನಡದಲ್ಲಿ ‘ತ್ಯಜಿಸು’ ಎನ್ನುವುದಕ್ಕೂ ‘ಬಿಟ್ಟುಬಿಡು’ ಎನ್ನುವುದಕ್ಕೂ ಇರುವ ಅಂತರವೇ ಅಬ್ಯಾಂಡನ್ ಮತ್ತು ಗಿವ್ ಅಪ್ ನಡುವೆಯೂ ಇದೆ. ಪಠ್ಯಪುಸ್ತಕದಿಂದ ಇಂಗ್ಲಿಷ್ ಕಲಿತವರಿಗೆ ‘ತ್ಯಜಿಸು’ ಸಿಕ್ಕಿತು, ‘ಬಿಟ್ಟುಬಿಡು’ ಸಿಗಲಿಲ್ಲ.

ಫ್ರೇಸಲ್ ವರ್ಬ್‌ಗಳು ಸಾವಿರಗಟ್ಟಲೆ ಇವೆ ಎಂದು ಹೆದರಿಸುವವರಿದ್ದಾರೆ. ಇರಬಹುದು, ಆದರೆ ಬಳಕೆಯ ಲೆಕ್ಕವೇ ಬೇರೆ. ಡೀ ಗಾರ್ಡ್‌ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಭಾಷಾತಜ್ಞರು ಸುಮಾರು 10 ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಪಠ್ಯಸಂಗ್ರಹವನ್ನು ಜಾಲಾಡಿ, 2007ರಲ್ಲಿ ತಮ್ಮ ಎಣಿಕೆಯನ್ನು ಪ್ರಕಟಿಸಿದರು. ಕೇವಲ 20 ಕ್ರಿಯಾಪದಗಳು 8 ಕಿರುಪದಗಳೊಂದಿಗೆ ಕೂಡಿ ಆದ ಜೋಡಿಗಳೇ ಅಲ್ಲಿನ ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ತುಂಬಿದ್ದವು. ಹಾಗಾಗಿ ದಪ್ಪ ಪುಸ್ತಕ ಬೇಡ, ಗೋಡೆಗೆ ಅಂಟಿಸುವ ಪಟ್ಟಿಯೂ ಬೇಡ. ಅದರಲ್ಲೂ ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು, ಲುಕ್ ಓವರ್ ಎಂದು ಒಂದೇ ಕ್ರಿಯಾಪದದ ಕೆಳಗೆ ಹತ್ತನ್ನು ಪೇರಿಸಿದ ಪಟ್ಟಿ ಉಪಕಾರಕ್ಕಿಂತ ಅಪಕಾರ ಮಾಡುವುದೇ ಹೆಚ್ಚು. ಒಂದನ್ನು ನೆನಪಿಸಿಕೊಳ್ಳಲು ಹೋದರೆ ಉಳಿದ ಒಂಬತ್ತೂ ನುಗ್ಗಿ ಬಂದು ಬಾಯಿ ಕಟ್ಟಿಹಾಕುತ್ತವೆ. ದಿನದಲ್ಲಿ ನೀವು ಹೇಗೂ ಮಾಡುವ ಕೆಲಸಗಳಿಗೆ ಈ ಜೋಡಿಗಳನ್ನು ಕಟ್ಟಿಹಾಕುವುದು ಅದಕ್ಕಿಂತ ಒಳ್ಳೆಯ ದಾರಿ.

ಹೆಜ್ಜೆ 1: ನಾಲಿಗೆಯ ಮೇಲೆ ಆಗಲೇ ಇರುವವನ್ನು ಎಣಿಸಿಕೊಳ್ಳಿ

ಬ್ಯಾಕಪ್, ಲಾಗಿನ್, ಚೆಕಪ್, ಮೇಕಪ್, ಸೆಟಪ್, ಟೇಕಾಫ್, ಬ್ರೇಕ್‌ಡೌನ್, ಡ್ರಾಪೌಟ್, ವಾರ್ಮಪ್, ಪಿಕಪ್. ಇವೆಲ್ಲ ಫ್ರೇಸಲ್ ವರ್ಬ್‌ಗಳಿಂದ ಹುಟ್ಟಿದ ನಾಮಪದಗಳು. ಕನ್ನಡ ಇವನ್ನು ಎಂದೋ ಒಳಗೆ ಬಿಟ್ಟುಕೊಂಡಿದೆ. ನಾವು ಇವುಗಳ ಮುಂದೆ ‘ಮಾಡು’ ಇಟ್ಟು ಕೆಲಸ ಮುಗಿಸುತ್ತೇವೆ: ಬ್ಯಾಕಪ್ ಮಾಡಿದೆ, ಲಾಗಿನ್ ಮಾಡು. ಇಂಗ್ಲಿಷಿಗೆ ಹೋದಾಗ ಆ ‘ಮಾಡು’ ಕಳಚಿ, ಪದವನ್ನು ಎರಡು ತುಂಡು ಮಾಡಬೇಕು. ಕಾಲಸೂಚಕ ಸೇರುವುದು ಮೊದಲ ತುಂಡಿಗೆ ಮಾತ್ರ. ‘ಐ ಡಿಡ್ ಬ್ಯಾಕಪ್’ ಅಲ್ಲ, ‘ಐ ಬ್ಯಾಕ್ಡ್ ಅಪ್ ದ ಫೈಲ್ಸ್’. ‘ಲಾಗಿನ್ಡ್’ ಅಲ್ಲ, ‘ಲಾಗ್ಡ್ ಇನ್’. ಬರೆಯುವಾಗಲೂ ಹೀಗೆಯೇ: ನಾಮಪದ ಸಾಮಾನ್ಯವಾಗಿ ಒಂದೇ ಪದ, ಕ್ರಿಯಾಪದ ಬಿಡಿ ಬಿಡಿ. ಉಚ್ಚಾರದಲ್ಲಿ ನಾಮಪದಕ್ಕೆ ಒತ್ತು ಮೊದಲ ತುಂಡಿನ ಮೇಲೆ ಬೀಳುತ್ತದೆ, ಕ್ರಿಯಾಪದಕ್ಕೆ ಕೊನೆಯ ಕಿರುಪದದ ಮೇಲೆ.

ಇಲ್ಲೇ ಒಂದು ಹಳ್ಳವಿದೆ. ಕನ್ನಡದಲ್ಲಿ ‘ಲೈಟ್ ಆಫ್ ಮಾಡು’ ಎನ್ನುವ ಅಭ್ಯಾಸದಿಂದ ಇಂಗ್ಲಿಷಿನಲ್ಲೂ ‘ಆಫ್ ದ ಲೈಟ್’ ಎಂದು ಬಂದುಬಿಡುತ್ತದೆ. ಆಫ್ ಎನ್ನುವುದು ಅಲ್ಲಿ ಬರೀ ಬಾಲ, ಮುಂದೆ ಎಳೆಯುವ ಎತ್ತು ಬೇಕು: ಟರ್ನ್ ಆಫ್ ಅಥವಾ ಸ್ವಿಚ್ ಆಫ್.

ಹೆಜ್ಜೆ 2: ಕೈ ಮಾಡುವ ಕೆಲಸವನ್ನು ಬಾಯಿ ಹೇಳಲಿ

ಬೆಳಿಗ್ಗೆಯಿಂದ ರಾತ್ರಿಯವರೆಗೆ ಮಾಡುವ ಸಣ್ಣ ಕೆಲಸಗಳಿಂದ ಶುರುಮಾಡಿ. ಕೆಲಸ ಮಾಡುತ್ತಲೇ ಮೆಲ್ಲಗೆ, ಒಬ್ಬರೇ, ಪೂರ್ತಿ ವಾಕ್ಯ ಹೇಳಿಕೊಳ್ಳಿ. ಯಾರಾದರೂ ಕೇಳಿಸಿಕೊಂಡರೆ ನಕ್ಕಾರು, ನಗಲಿ.

ಮೊದಲ ಜೋಡಿಯಲ್ಲೇ ಒಂದು ಸೂಕ್ಷ್ಮವಿದೆ. ವೇಕ್ ಅಪ್ ಎಂದರೆ ಎಚ್ಚರವಾಗುವುದು, ಗೆಟ್ ಅಪ್ ಎಂದರೆ ಹಾಸಿಗೆ ಬಿಟ್ಟು ಏಳುವುದು. ಎರಡರ ನಡುವೆ ಅರ್ಧ ಗಂಟೆ ಮೊಬೈಲ್ ನೋಡುವವರಿಗೆ ಈ ವ್ಯತ್ಯಾಸವನ್ನು ಬೇರೆ ಯಾರೂ ವಿವರಿಸಬೇಕಿಲ್ಲ. ‘ಐ ವೋಕ್ ಅಪ್ ಅಟ್ ಫೈವ್, ಬಟ್ ಐ ಗಾಟ್ ಅಪ್ ಅಟ್ ಸಿಕ್ಸ್.’ ಈ ಒಂದು ವಾಕ್ಯವನ್ನು ನಿಮ್ಮದೇ ಸಮಯ ಹಾಕಿ ಒಂದು ವಾರ ಪ್ರತಿ ಬೆಳಿಗ್ಗೆ ಹೇಳಿ. ವೋಕ್, ಗಾಟ್ ಎಂಬ ಭೂತಕಾಲದ ರೂಪಗಳೂ ಜೊತೆಗೇ ಕೂರುತ್ತವೆ.

ಬಟ್ಟೆಯ ವಿಷಯದಲ್ಲೂ ಇಂಥದೇ ಒಂದು ಅಂತರ. ‘ಐ ಆಮ್ ಪುಟ್ಟಿಂಗ್ ಆನ್ ಮೈ ಶೂಸ್’ ಎಂದರೆ ಈ ಕ್ಷಣ ಬಗ್ಗಿ ಲೇಸ್ ಕಟ್ಟುತ್ತಿದ್ದೀರಿ. ‘ಐ ಆಮ್ ವೇರಿಂಗ್ ಶೂಸ್’ ಎಂದರೆ ಅವು ಆಗಲೇ ಕಾಲಲ್ಲಿವೆ. ಹಾಕಿಕೊಳ್ಳುವ ಕ್ರಿಯೆಗೆ ಪುಟ್ ಆನ್, ಹಾಕಿಕೊಂಡಿರುವ ಸ್ಥಿತಿಗೆ ವೇರ್. ಕಳಚುವುದಕ್ಕೆ ಟೇಕ್ ಆಫ್. ಆನ್‌ಗೆ ವಿರುದ್ಧ ಆಫ್ ತಾನೇ ಎಂದು ಪುಟ್ ಆಫ್ ಎಂದೀರಿ, ಜೋಕೆ. ಶೂ ಕಳಚುವುದನ್ನು ನಾಳೆಗೆ ಮುಂದೂಡಿದ ಹಾಗಾಗುತ್ತದೆ.

ಇನ್ನುಳಿದವಕ್ಕೆ ವಿವರಣೆ ಬೇಡ, ಕೆಲಸವೇ ವಿವರಣೆ. ಫ್ಯಾನ್ ಹಾಕುವಾಗ ಟರ್ನ್ ಆನ್, ಆರಿಸುವಾಗ ಟರ್ನ್ ಆಫ್, ಸದ್ದು ಏರಿಸುವಾಗ ಟರ್ನ್ ಅಪ್, ತಗ್ಗಿಸುವಾಗ ಟರ್ನ್ ಡೌನ್. ಬಿದ್ದ ಪೆನ್ ಎತ್ತಿಕೊಂಡರೆ ಪಿಕ್ ಅಪ್, ಕೆಳಗಿಟ್ಟರೆ ಪುಟ್ ಡೌನ್, ಇದ್ದಲ್ಲಿಗೇ ಮರಳಿಸಿದರೆ ಪುಟ್ ಬ್ಯಾಕ್, ಕಪಾಟಿನೊಳಗೆ ಎತ್ತಿಟ್ಟರೆ ಪುಟ್ ಅವೇ, ಎಸೆದರೆ ಥ್ರೋ ಅವೇ. ಪ್ರಿಂಟರಿನಲ್ಲಿ ಕಾಗದ ಮುಗಿದರೆ ‘ವಿ ಹ್ಯಾವ್ ರನ್ ಔಟ್ ಆಫ್ ಪೇಪರ್’. ದಿನಕ್ಕೆ ಎರಡೋ ಮೂರೋ ಸಾಕು. ಒಂದೇ ದಿನ ಇಪ್ಪತ್ತು ಕಲಿಯುವ ಉತ್ಸಾಹ ಮೂರನೇ ದಿನಕ್ಕೆ ಮಲಗಿಬಿಡುತ್ತದೆ.

ಹೆಜ್ಜೆ 3: ‘ಇಟ್’ ಎಲ್ಲಿ ಕೂರುತ್ತದೆ ಎಂದು ನೋಡಿ

ಇಡೀ ವಿಷಯದಲ್ಲಿ ವ್ಯಾಕರಣದ ನಿಜವಾದ ಗಂಟು ಇದೊಂದೇ. ಇಲ್ಲಿ ಸ್ವಲ್ಪ ನಿಧಾನಿಸಿ.

‘ಟರ್ನ್ ಆಫ್ ದ ಲೈಟ್’ ಸರಿ, ‘ಟರ್ನ್ ದ ಲೈಟ್ ಆಫ್’ ಕೂಡ ಸರಿ. ಆದರೆ ಲೈಟ್ ಬದಲು ಸರ್ವನಾಮ ಬಂದರೆ ಆಯ್ಕೆಯೇ ಇಲ್ಲ: ‘ಟರ್ನ್ ಇಟ್ ಆಫ್’ ಮಾತ್ರ. ‘ಟರ್ನ್ ಆಫ್ ಇಟ್’ ಎಂದರೆ ಕೇಳುವವರ ಕಿವಿಗೆ ಕಲ್ಲು ಸಿಕ್ಕಂತಾಗುತ್ತದೆ. ಪಿಕ್ ದೆಮ್ ಅಪ್, ಥ್ರೋ ಇಟ್ ಅವೇ, ಕಾಲ್ ಹಿಮ್ ಬ್ಯಾಕ್, ಎಲ್ಲವೂ ಇದೇ ಜಾತಿ.

ಇನ್ನೊಂದು ಜಾತಿ ಬೇರ್ಪಡಿಸಲು ಬಗ್ಗುವುದಿಲ್ಲ. ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು, ‘ಲುಕ್ ಹರ್ ಆಫ್ಟರ್’ ಎಂದರೆ ತಪ್ಪು. ಲುಕ್ ಫಾರ್ ಇಟ್, ಲುಕ್ ಇಂಟು ಇಟ್, ಗೆಟ್ ಓವರ್ ಇಟ್ ಇದರ ಒಡಹುಟ್ಟಿದವು. ಮೂರು ಪದಗಳವೂ ಬಹುತೇಕ ಹೀಗೆಯೇ: ಪುಟ್ ಅಪ್ ವಿತ್ ಇಟ್, ರನ್ ಔಟ್ ಆಫ್ ಇಟ್. ಕರ್ಮಪದವನ್ನೇ ಬಯಸದ ಇನ್ನೂ ಕೆಲವಿವೆ: ‘ದ ಬಸ್ ಬ್ರೋಕ್ ಡೌನ್’. ಅಲ್ಲಿ ಕೆಟ್ಟದ್ದು ಬಸ್ಸೇ, ಯಾರೋ ಅದನ್ನು ಕೆಡಿಸಿದ್ದಲ್ಲ.

ಎರಡು ಜಾತಿಗಳ ಅಂತರ ಏಕೆ ಎಂದು ತಿಳಿಯಬೇಕೆನ್ನುವವರು ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಲಿ: ‘ಲುಕ್ ಅಪ್ ದ ವರ್ಡ್’ ಮತ್ತು ‘ಲುಕ್ ಅಪ್ ದ ಸ್ಟೇರ್ಸ್’. ಮೊದಲನೆಯದರಲ್ಲಿ ಪದವನ್ನು ನಿಘಂಟಿನಲ್ಲಿ ಹುಡುಕಬೇಕು. ಅಪ್ ಕ್ರಿಯಾಪದಕ್ಕೆ ಅಂಟಿದೆ, ಆದ್ದರಿಂದ ‘ಲುಕ್ ಇಟ್ ಅಪ್’. ಎರಡನೆಯದರಲ್ಲಿ ಮೆಟ್ಟಿಲುಗಳ ಮೇಲ್ಗಡೆ ಕಣ್ಣು ಹಾಯಿಸಬೇಕು. ಅಪ್ ಮೆಟ್ಟಿಲಿಗೆ ಅಂಟಿದೆ, ಅದನ್ನು ಕಿತ್ತು ಆಚೆ ಇಡಲಾಗದು. ಕಿರುಪದ ಯಾರ ಕಡೆಯದು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಆದರೆ ಮಾತನಾಡುವಾಗ ಇಷ್ಟೆಲ್ಲ ಯೋಚಿಸಲು ಪುರುಸೊತ್ತು ಎಲ್ಲಿದೆ? ಹಾಗಾಗಿ ಜಾತಿಗಳನ್ನು ಬಾಯಿಪಾಠ ಮಾಡಬೇಡಿ. ಯಾವುದೇ ಹೊಸ ಜೋಡಿ ಸಿಕ್ಕಾಗ ಅದನ್ನು ಬರಿದಾಗಿ ಬರೆದುಕೊಳ್ಳದೆ ‘ಇಟ್’ ಸೇರಿಸಿಯೇ ಬರೆದುಕೊಳ್ಳಿ: ‘ಫಿಗರ್ ಇಟ್ ಔಟ್’, ‘ಪುಟ್ ಇಟ್ ಆಫ್’, ‘ಗೋ ಥ್ರೂ ಇಟ್’. ಜೋಡಿ ನೆನಪಾದಾಗ ಅದರ ಜಾಗವೂ ನೆನಪಾಗುತ್ತದೆ. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್ ನಿಘಂಟುಗಳು ಈ ಮಾಹಿತಿಯನ್ನು ನಮೂದಿನಲ್ಲೇ ಕೊಡುತ್ತವೆ. ಸಮ್‌ಥಿಂಗ್ ಎಂಬ ಪದ ಜೋಡಿಯ ನಡುವೆ ಇದೆಯೋ ಕೊನೆಗಿದೆಯೋ ನೋಡಿ; ಕೆಲವು ನಿಘಂಟುಗಳಲ್ಲಿ ಎರಡೂ ಕಡೆ ಮೊನೆಯಿರುವ ಬಾಣದ ಗುರುತು ಇದ್ದರೆ, ಕರ್ಮಪದ ಎರಡೂ ಕಡೆ ಕೂರಬಲ್ಲದು ಎಂದರ್ಥ. ಕರ್ಮಪದ ಉದ್ದವಾಗಿದ್ದರೆ ಮಾತ್ರ ನಡುವೆ ತುರುಕಬೇಡಿ, ಕೊನೆಗೇ ಬರಲಿ.

ಹೆಜ್ಜೆ 4: ಕಿರುಪದದ ಒಲವನ್ನು ಗುರುತಿಸಿ

ಕನ್ನಡಿಗರಿಗೆ ಇಲ್ಲೊಂದು ಅನುಕೂಲವಿದೆ. ಕುಡಿ ಮತ್ತು ಕುಡಿದುಬಿಡು, ಒಡೆ ಮತ್ತು ಒಡೆದುಹಾಕು, ಬರೆ ಮತ್ತು ಬರೆದಿಡು, ಮುಗಿ ಮತ್ತು ಮುಗಿದುಹೋಗು: ಇವುಗಳ ನಡುವಿನ ವ್ಯತ್ಯಾಸವನ್ನು ನಮಗೆ ಯಾರೂ ಕಲಿಸಲಿಲ್ಲ. ಎರಡನೆಯ ಕ್ರಿಯಾಪದ ತನ್ನ ಮೂಲ ಅರ್ಥ ಕಳೆದುಕೊಂಡು, ಕೆಲಸ ಪೂರ್ತಿಯಾಯಿತು, ಕೈಮೀರಿತು, ಮುಂದಕ್ಕೆ ಉಳಿಯಿತು ಎಂಬ ಛಾಯೆಯನ್ನಷ್ಟೇ ಕೊಡುತ್ತದೆ. ನೋಡು ಎಂಬುದಕ್ಕೆ ಕೊಳ್ಳು ಸೇರಿದರೆ ‘ಮಗುವನ್ನು ನೋಡಿಕೊ’ ಎಂದಾಗಿ ಅರ್ಥವೇ ಬದಲಾಗುತ್ತದೆ. ಇಂಗ್ಲಿಷಿನ ಕಿರುಪದಗಳು ಮಾಡುವುದು ಇದೇ ಕೆಲಸ.

ಎಲ್ಲಕ್ಕಿಂತ ಬಿಡುವಿಲ್ಲದ್ದು ಅಪ್. ಮೇಲೆ ಎಂಬ ಅರ್ಥಕ್ಕಿಂತ ‘ಪೂರ್ತಿಯಾಗಿ’ ಎಂಬ ಅರ್ಥದಲ್ಲೇ ಅದು ಹೆಚ್ಚು ಕಾಡುತ್ತದೆ: ಡ್ರಿಂಕ್ ಅಪ್ ಎಂದರೆ ಕುಡಿದುಬಿಡು, ಯೂಸ್ ಅಪ್ ಎಂದರೆ ಬಳಸಿ ಖಾಲಿ ಮಾಡು, ಕ್ಲೀನ್ ಅಪ್ ಎಂದರೆ ಪೂರ್ತಿ ಶುಚಿ ಮಾಡು. ಸ್ಪೀಡ್ ಅಪ್, ಸ್ಪೀಕ್ ಅಪ್ ಎಂಬಲ್ಲಿ ಹೆಚ್ಚಳ. ಔಟ್‌ನದು ಒಳಗಿದ್ದದ್ದು ಹೊರಬರುವ ಸ್ವಭಾವ. ಗುಟ್ಟು ಹೊರಬಂದರೆ ಫೈಂಡ್ ಔಟ್, ಬಗೆಹರಿದರೆ ವರ್ಕ್ ಔಟ್, ದಾಸ್ತಾನು ಹೊರಟುಹೋದರೆ ರನ್ ಔಟ್. ಆಫ್ ಬೇರ್ಪಡಿಸುತ್ತದೆ: ಕಟ್ ಆಫ್, ಸೆಟ್ ಆಫ್. ಡೌನ್ ತಗ್ಗಿಸುತ್ತದೆ, ಜೊತೆಗೆ ಕಾಗದಕ್ಕೂ ಇಳಿಸುತ್ತದೆ: ಕಾಮ್ ಡೌನ್, ರೈಟ್ ಡೌನ್. ಆನ್ ಮುಂದುವರಿಸುತ್ತದೆ: ಕ್ಯಾರಿ ಆನ್, ಕೀಪ್ ಆನ್. ಓವರ್ ಎಂದರೆ ಒಂದೋ ಕೈಬದಲು, ಇಲ್ಲವೇ ಮತ್ತೊಮ್ಮೆ ಯೋಚನೆ: ಹ್ಯಾಂಡ್ ಓವರ್, ಥಿಂಕ್ ಓವರ್. ಬ್ಯಾಕ್ ಮತ್ತು ಥ್ರೂ ಹೇಳಿದಂತೆ ಕೇಳುವ ಮಕ್ಕಳು, ಅವುಗಳ ಬಗ್ಗೆ ಚಿಂತೆ ಬೇಡ.

ಈ ಒಲವುಗಳು ನೆನಪಿಗೆ ಊರುಗೋಲು ಮಾತ್ರ; ಇವನ್ನು ಸೂತ್ರವೆಂದು ನಂಬಿ ಹೊಸ ಜೋಡಿಯನ್ನು ನೀವೇ ಕಟ್ಟಲು ಹೋಗಬೇಡಿ. ಬರ್ನ್ ಅಪ್ ಎಂದರೂ ಸುಟ್ಟುಹೋಗುವುದು, ಬರ್ನ್ ಡೌನ್ ಎಂದರೂ ಸುಟ್ಟುಹೋಗುವುದು. ಅರ್ಜಿಯನ್ನು ಫಿಲ್ ಇನ್ ಮಾಡಿದರೂ ಫಿಲ್ ಔಟ್ ಮಾಡಿದರೂ ತುಂಬುವುದು ಅದೇ ಅರ್ಜಿ.

ಹೆಜ್ಜೆ 5: ನುಡಿಗಟ್ಟಿಗೆ ನುಡಿಗಟ್ಟನ್ನೇ ಜೋಡಿಸಿ

ಅರ್ಥ ಬರೆದುಕೊಳ್ಳುವಾಗ ನಿಘಂಟಿನ ಒಣ ಪದಕ್ಕಿಂತ ನಿಮ್ಮ ಬಾಯಿಗೆ ತಾನಾಗಿ ಬರುವ ಮಾತನ್ನು ಬರೆಯಿರಿ. ಲೆಟ್ ಡೌನ್ ಎಂಬುದರ ಮುಂದೆ ‘ನಿರಾಶೆಗೊಳಿಸು’ ಎಂದು ಬರೆದರೆ ಅದು ಅಲ್ಲೇ ಒಣಗುತ್ತದೆ. ‘ಕೈಕೊಡು’ ಎಂದು ಬರೆದರೆ ಬೇಕಾದಾಗ ತಾನಾಗಿ ಎದ್ದುಬರುತ್ತದೆ. ಗಿವ್ ಅಪ್ ಎಂದರೆ ಕೈಬಿಡು. ವರ್ಕ್ ಔಟ್ ಎಂಬುದಕ್ಕೆ ಕೈಗೂಡು ಎಂಬ ಅರ್ಥವೂ ಇದೆ. ಬ್ರಿಂಗ್ ಅಪ್ ಎಂದರೆ ಮಗುವಿನ ವಿಷಯದಲ್ಲಿ ಸಾಕಿ ಬೆಳೆಸು, ಮಾತಿನ ವಿಷಯದಲ್ಲಿ ಪ್ರಸ್ತಾಪ ಎತ್ತು. ಮೇಕ್ ಅಪ್ ಎಂದರೆ ಒಮ್ಮೆ ಕತೆ ಕಟ್ಟು, ಇನ್ನೊಮ್ಮೆ ಜಗಳ ಮರೆತು ಒಂದಾಗು. ಲುಕ್ ಫಾರ್ವರ್ಡ್ ಟು ಎಂಬುದಕ್ಕಂತೂ ‘ಎದುರುನೋಡು’ ಎಂಬ ಕನ್ನಡಿಯ ಬಿಂಬವೇ ಸಿಕ್ಕಿದೆ.

ಎದುರುನೋಡುವ ಪ್ರಸಂಗದಲ್ಲಿ ಒಂದು ಎಚ್ಚರಿಕೆ. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು’ ಎಂದು ಮುಗಿಯುವ ಇಮೇಲ್‌ಗಳಿಗೆ ಲೆಕ್ಕವಿಲ್ಲ. ಇಲ್ಲಿ ಟು ಉಪಸರ್ಗದ ಕೆಲಸ ಮಾಡುತ್ತಿದೆ, ಆದ್ದರಿಂದ ಮುಂದೆ ಬರಬೇಕಾದದ್ದು ಮೀಟಿಂಗ್: ‘ಲುಕಿಂಗ್ ಫಾರ್ವರ್ಡ್ ಟು ಮೀಟಿಂಗ್ ಯು’. ಇದರ ಜೊತೆ ಇನ್ನೆರಡನ್ನೂ ತಿದ್ದಿಕೊಳ್ಳಿ: ‘ಕೋಪ್ ಅಪ್ ವಿತ್’ ಎಂಬುದಿಲ್ಲ, ಕೋಪ್ ವಿತ್ ಅಷ್ಟೇ, ‘ರಿಟರ್ನ್ ಬ್ಯಾಕ್’ ಎಂದರೆ ಮರಳಿ ಮರಳಿಸಿದಂತೆ, ರಿಟರ್ನ್ ಸಾಕು ಅಥವಾ ಗಿವ್ ಬ್ಯಾಕ್.

ಹೆಜ್ಜೆ 6: ಫೋನು ಮತ್ತು ಕಚೇರಿ

ಫೋನ್ ಕರೆಯೊಂದರಲ್ಲಿ ಫ್ರೇಸಲ್ ವರ್ಬ್‌ಗಳು ಎಷ್ಟು ದಟ್ಟವಾಗಿ ಬರುತ್ತವೆ ಎಂದರೆ ಇಡೀ ಕರೆಯನ್ನೇ ಪಾಠ ಮಾಡಿಕೊಳ್ಳಬಹುದು.

‘ಯು ಆರ್ ಬ್ರೇಕಿಂಗ್ ಅಪ್. ಕ್ಯಾನ್ ಯು ಸ್ಪೀಕ್ ಅಪ್?’
‘ಹೋಲ್ಡ್ ಆನ್, ಐ ವಿಲ್ ಟರ್ನ್ ದ ಟಿವಿ ಡೌನ್.’
‘ಹಲೋ? ಸಾರಿ, ವಿ ಗಾಟ್ ಕಟ್ ಆಫ್.’
‘ಐ ಹ್ಯಾವ್ ಟು ಹ್ಯಾಂಗ್ ಅಪ್ ನೌ. ಐ ವಿಲ್ ಕಾಲ್ ಯು ಬ್ಯಾಕ್.’

ದನಿ ತುಂಡುತುಂಡಾಗಿದೆ, ಜೋರಾಗಿ ಹೇಳಿ, ತಡೆಯಿರಿ, ಟಿವಿ ಸದ್ದು ತಗ್ಗಿಸುತ್ತೇನೆ, ಕರೆ ಕಡಿದುಹೋಯಿತು, ಈಗ ಇಡುತ್ತೇನೆ, ಮತ್ತೆ ಮಾಡುತ್ತೇನೆ. ಈ ನಾಲ್ಕು ಸಾಲುಗಳು ಬಾಯಿಗೆ ಬಂದರೆ ಏಳು ಜೋಡಿಗಳು ಅರಿವಿಲ್ಲದೆ ಬಂದ ಹಾಗೆ. ‘ಹಿ ಹಂಗ್ ಅಪ್ ಆನ್ ಮಿ’ ಎಂದರೆ ಮಾತು ಮುಗಿಯುವ ಮೊದಲೇ ಪಟ್ಟೆಂದು ಫೋನ್ ಇಟ್ಟ ಎಂಬ ದೂರು.

ಕಚೇರಿಯಲ್ಲಿ ಕಲಿಯಲೇಬೇಕಾದ ಜೋಡಿ ಪುಟ್ ಆಫ್ ಮತ್ತು ಕಾಲ್ ಆಫ್. ಸಭೆ ಪುಟ್ ಆಫ್ ಆದರೆ ಇನ್ನೊಂದು ದಿನ ನಡೆಯುತ್ತದೆ. ಕಾಲ್ ಆಫ್ ಆದರೆ ನಡೆಯುವುದೇ ಇಲ್ಲ. ಎರಡನ್ನೂ ಅದಲುಬದಲು ಮಾಡಿಕೊಂಡರೆ ಸಿದ್ಧತೆ ಮಾಡಬೇಕಾದವರು ಆರಾಮಾಗಿ ಕೂತಿರುತ್ತಾರೆ. ಸಭೆಯನ್ನು ಗೊತ್ತಾದ ದಿನಕ್ಕಿಂತ ಮುಂಚಿನ ದಿನಕ್ಕೆ ತಂದರೆ ಬ್ರಿಂಗ್ ಫಾರ್ವರ್ಡ್. ಇವಲ್ಲದೆ ಗೆಟ್ ಬ್ಯಾಕ್ ಟು ಯು, ಸಾರ್ಟ್ ಔಟ್, ಕಮ್ ಅಪ್ ವಿತ್, ಟೇಕ್ ಓವರ್ ಇಷ್ಟಿದ್ದರೆ ಒಂದು ವಾರದ ಇಮೇಲ್‌ಗಳು ಸಾಗುತ್ತವೆ. ಫ್ರೇಸಲ್ ವರ್ಬ್ ಎಂದರೆ ಅಸಭ್ಯ, ಆಡುಮಾತಿಗೆ ಮಾತ್ರ ಎಂಬ ನಂಬಿಕೆಗೆ ಕಿವಿಗೊಡಬೇಡಿ; ಕ್ಯಾರಿ ಔಟ್, ಸೆಟ್ ಅಪ್, ಪಾಯಿಂಟ್ ಔಟ್ ಮುಂತಾದವು ಗಂಭೀರ ವರದಿಗಳಲ್ಲೂ ತುಂಬಿವೆ. ಕಾನೂನು ಪತ್ರ, ಔಪಚಾರಿಕ ಅರ್ಜಿಗಳಲ್ಲಿ ಮಾತ್ರ ಪುಟ್ ಅಪ್ ವಿತ್ ಬದಲು ಟಾಲರೇಟ್ ಇರಲಿ.

ಹೆಜ್ಜೆ 7: ಕಿವಿಗೆ ಸಂಧಿ ಕಲಿಸಿ

ಓದಿದಾಗ ತಿಳಿಯುವ ಜೋಡಿ ಕೇಳಿದಾಗ ತಪ್ಪಿಹೋಗುವುದಕ್ಕೆ ಕಾರಣ ಸಂಧಿ. ಕಿರುಪದಗಳಲ್ಲಿ ಹೆಚ್ಚಿನವು ಸ್ವರದಿಂದ ಶುರುವಾಗುತ್ತವೆ. ಹಿಂದಿನ ವ್ಯಂಜನ ಅದಕ್ಕೆ ಹತ್ತಿಕೊಳ್ಳುತ್ತದೆ. ಪಿಕ್ ಇಟ್ ಅಪ್ ಎಂಬುದು ‘ಪಿಕಿಟಪ್’, ಟರ್ನ್ ಇಟ್ ಆಫ್ ಎಂಬುದು ‘ಟರ್ನಿಟಾಫ್’, ಚೆಕ್ ಇಟ್ ಔಟ್ ಎಂಬುದು ‘ಚೆಕಿಟೌಟ್’. ಅಮೆರಿಕನ್ನರ ಬಾಯಲ್ಲಿ ನಡುವಿನ ಟಕಾರವೂ ಮೆತ್ತಗಾಗಿ ಡಕಾರದ ಹತ್ತಿರ ಬರುತ್ತದೆ. ಗೆಟ್ ಅಪ್ ‘ಗೆಡಪ್’ ಆಗುತ್ತದೆ. ಇದನ್ನು ಗುರುತು ಹಾಕಿಕೊಳ್ಳಲು ಕನ್ನಡ ಲಿಪಿಗಿಂತ ಒಳ್ಳೆಯ ಸಾಧನ ಸಿಗದು. ನಿಮಗೆ ಇಷ್ಟವಾದ ಯಾವುದಾದರೂ ಸಂದರ್ಶನದ ಎರಡು ನಿಮಿಷವನ್ನು ಉಪಶೀರ್ಷಿಕೆ ಇಲ್ಲದೆ ಕೇಳಿ, ಕೇಳಿಸಿದ ಹಾಗೆಯೇ ಕನ್ನಡದಲ್ಲಿ ಬರೆಯಿರಿ. ಆಮೇಲೆ ಉಪಶೀರ್ಷಿಕೆ ಹಾಕಿ ಹೋಲಿಸಿ. ಒಂದೇ ಪದವೆಂದು ಬರೆದದ್ದು ಮೂರು ಪದವಾಗಿ ಬಿಚ್ಚಿಕೊಳ್ಳುತ್ತದೆ.

ನೋಟ್‌ಬುಕ್ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ. ಒಂದು ಜೋಡಿಗೆ ಒಂದು ಸ್ವಂತ ವಾಕ್ಯ, ‘ಇಟ್’ ಇರುವ ರೂಪ, ಭೂತಕಾಲ, ಕನ್ನಡದ ನುಡಿಗಟ್ಟು. ಬರೆದ ಮರುದಿನ ಒಮ್ಮೆ, ಮೂರು ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದು ಮತ್ತೊಮ್ಮೆ ಕನ್ನಡದ ಕಡೆ ಮಾತ್ರ ನೋಡಿ ಇಂಗ್ಲಿಷನ್ನು ಬಾಯಲ್ಲಿ ಹೇಳಿ. ಬರದೇ ಹೋದವನ್ನು ಮರುದಿನಕ್ಕೆ ದಾಟಿಸಿ.

ಈಗ ಒಂದು ಕಿರುಪರೀಕ್ಷೆ. ಕೆಳಗಿನ ಉತ್ತರಗಳನ್ನು ಕೈಯಿಂದ ಮುಚ್ಚಿಕೊಂಡು ಇವನ್ನು ಇಂಗ್ಲಿಷಿನಲ್ಲಿ ಹೇಳಿ.

ಫ್ಯಾನ್ ಸದ್ದು ಮಾಡುತ್ತಿದೆ, ಅದನ್ನು ಆರಿಸು.
ಸಭೆ ರದ್ದಾಗಲಿಲ್ಲ, ಮುಂದೂಡಿದರು.
ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಕೀಲಿಕೈ ಹುಡುಕು.
ಈ ಸದ್ದನ್ನು ಇನ್ನು ಸಹಿಸಲಾರೆ.
ಕೊನೇ ಗಳಿಗೆಯಲ್ಲಿ ಅವನು ಕೈಕೊಟ್ಟ.

ದ ಫ್ಯಾನ್ ಈಸ್ ನಾಯ್ಸಿ, ಟರ್ನ್ ಇಟ್ ಆಫ್.
ದೇ ಡಿಡ್ ನಾಟ್ ಕಾಲ್ ಆಫ್ ದ ಮೀಟಿಂಗ್, ದೇ ಪುಟ್ ಇಟ್ ಆಫ್.
ಐ ವಿಲ್ ಲುಕ್ ಆಫ್ಟರ್ ದ ಬೇಬಿ, ಯು ಲುಕ್ ಫಾರ್ ದ ಕೀ.
ಐ ಕಾಂಟ್ ಪುಟ್ ಅಪ್ ವಿತ್ ದಿಸ್ ನಾಯ್ಸ್ ಎನಿಮೋರ್.
ಹಿ ಲೆಟ್ ಮಿ ಡೌನ್ ಅಟ್ ದ ಲಾಸ್ಟ್ ಮಿನಿಟ್.